ಜಲಬಾಧೆಯೂ ಕಚೇರಿಯ ವೇಳೆಯೂ

ಮೂರು ದಶಕಗಳ ಹಿಂದೆ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಸರ್ಕಾರಿ ಕಚೇರಿಯೊಂದರ ಹೊಣೆ ನನ್ನ ಮೇಲಿತ್ತು. ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ಪದೇ ಪದೇ ತಮ್ಮ ಜಾಗದಲ್ಲಿ ಇರುವುದಿಲ್ಲ, ಸಾರ್ವಜನಿಕರು ಕಾದು ನಿಲ್ಲಬೇಕಾಗಿದೆ ಎಂಬ ದೂರು ಬಂತು. ಎರಡು ದಿನ ನಾನೇ ಗಮನಿಸಿದೆ, ದೂರು ನಿಜವಾಗಿತ್ತು. ಕಾರಣ ಕೇಳಿ ನೋಟಿಸು ಕೊಟ್ಟೆ. 'ವೈಯಕ್ತಿಕ ಕಾರಣ, ಇನ್ನು ಮುಂದೆ ಹೀಗಾಗದು, ಕ್ಷಮಿಸಬೇಕು' ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನು ಅವರ ಸೇವಾ ಕಡತಕ್ಕೆ ಸೇರಿಸಿ ಶಿಸ್ತು ಕಾಪಾಡಿದೆನೆಂದು ತೃಪ್ತಿಪಟ್ಟೆ.

ಕೆಲವು ತಿಂಗಳ ನಂತರ ಹಿರಿಯ ಮಹಿಳಾ ಸಹೋದ್ಯೋಗಿಯೊಬ್ಬರು ವಿಷಯ ತಿಳಿಸಿದರು. ಮೂರನೆಯ ಹೆರಿಗೆಯ ಬಳಿಕ ಆಕೆಗೆ ಮೂತ್ರದ ಮೇಲೆ ಹಿಡಿತ ತಪ್ಪಿತ್ತು. ಕಚೇರಿಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಒಳಗೆ ನೀರೂ ಇರಲಿಲ್ಲ. ಎರಡು ಬೀದಿ ಆಚೆಗಿನ ಪರಿಚಿತರ ಮನೆಗೆ ನಡೆದುಹೋಗಿ ಬರುತ್ತಿದ್ದರು. ನೋಟಿಸಿನ ನಂತರ ಅದನ್ನೂ ಬಿಟ್ಟು, ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರೂ ಕುಡಿಯದೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಆ ಸೀಮೆಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥ ಗೊತ್ತಾಗುತ್ತದೆ. ವಿಷಯ ತಿಳಿದ ಮೇಲೂ ನಾನು ಆ ನೋಟಿಸನ್ನು ಕಡತದಿಂದ ತೆಗೆಸಲಿಲ್ಲ. ಆ ಮಾತನ್ನು ಹೇಗೆ ಎತ್ತಬೇಕೆಂದೇ ನನಗೆ ತಿಳಿಯಲಿಲ್ಲ. ಐದು ವರ್ಷಗಳ ಹಿಂದೆ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ನಾನೇ ಅದೇ ಸ್ಥಿತಿಯಲ್ಲಿದ್ದಾಗ, ಆಕೆ ಬರೆದ ಆ ಒಂದು ಸಾಲು ಮತ್ತೆ ಮತ್ತೆ ನೆನಪಾಯಿತು.

ಕನ್ನಡದಲ್ಲಿ ಇದಕ್ಕೆ ಮಾತಿನ ಕೊರತೆಯಿಲ್ಲ. 'ಒಂದಕ್ಕೆ ಹೋಗುವುದು' ಎನ್ನುತ್ತೇವೆ, ಸಭ್ಯರ ನಡುವೆ 'ಜಲಬಾಧೆ' ಎನ್ನುತ್ತೇವೆ. ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ನಗುತ್ತೇವೆ, ಹಾಸಿಗೆ ಹಿಡಿದ ಮುದುಕರಿಗಾದರೆ ವಯಸ್ಸಿನ ಮೇಲೆ ಹಾಕುತ್ತೇವೆ. ನಲವತ್ತರ ಹರೆಯದ, ದುಡಿಯುವ, ದಿನವೂ ನಾಲ್ಕು ಜನರ ನಡುವೆ ಕೂರುವ ಮನುಷ್ಯನಿಗೆ ಹೀಗಾದರೆ ಏನೆನ್ನಬೇಕೆಂಬುದು ಮಾತ್ರ ನಮಗೆ ತೋಚುವುದಿಲ್ಲ.

ವೈದ್ಯರು ಇದನ್ನು ರೋಗವೆನ್ನುವುದಕ್ಕಿಂತ ಲಕ್ಷಣವೆನ್ನುತ್ತಾರೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರುವುದು ಒಂದು ಬಗೆ. ಹೆರಿಗೆಗಳಿಂದಲೂ ಋತುಬಂಧದಿಂದಲೂ ವಸ್ತಿಕುಹರದ ತಳದ ಸ್ನಾಯುಗಳು ಸಡಿಲಗೊಂಡ ಹೆಂಗಸರಲ್ಲಿ ಇದು ಹೆಚ್ಚು. ಹಠಾತ್ತನೆ ಒತ್ತಡ ಬಂದು ಶೌಚಾಲಯ ಮುಟ್ಟುವಷ್ಟರಲ್ಲಿ ತಡೆಯಲಾಗದಿರುವುದು ಇನ್ನೊಂದು. ಮೂತ್ರಕೋಶ ಪೂರ್ತಿ ಬರಿದಾಗದೆ ತುಂಬಿ ತುಳುಕುವುದು ಮೂರನೆಯದು. ಪ್ರಾಸ್ಟೇಟ್ ದೊಡ್ಡದಾದ ಗಂಡಸರಲ್ಲಿ, ಬಹುಕಾಲದ ಮಧುಮೇಹದಿಂದ ನರಗಳು ದುರ್ಬಲವಾದವರಲ್ಲಿ ಇದನ್ನು ಕಾಣಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಹೀಗಾಗಿ ಒಬ್ಬರಿಗೆ ಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು ಅಪಾಯಕಾರಿ.

ಈ ಸೀಮೆಯ ದುಡಿಮೆಯ ಸ್ವರೂಪವನ್ನು ನೋಡಿದರೆ ಸಮಸ್ಯೆ ಸ್ಪಷ್ಟವಾಗುತ್ತದೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಬಿಡಿಸುವ, ಕೇರುವ, ಆರಿಸುವ ಕೆಲಸದಲ್ಲಿ ಹೆಂಗಸರು ಕುಕ್ಕುರುಗಾಲಲ್ಲಿ ದಿನವಿಡೀ ಕೂರುತ್ತಾರೆ, ನಡುವೆ ಮೂಟೆಯನ್ನೂ ಜರುಗಿಸುತ್ತಾರೆ. 'ಗರ್ಭಕೋಶ ಜಾರಿದೆ' ಎಂದು ಹೇಳಿಕೊಳ್ಳುವವರು ಅಲ್ಲಿ ಅಪರೂಪವಲ್ಲ. ಅದರ ಜೊತೆಗೇ ಬರುವ ಮೂತ್ರದ ತೊಂದರೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ನೇಯುವವರು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರಬೇಕು. ಅಂಚಿನ ಲಾಳಿ ಎಸೆಯಲು ಇನ್ನೊಬ್ಬರು ಜೊತೆಗೆ ಕೂರುವ ಮಗ್ಗದಲ್ಲಿ ಒಬ್ಬರು ಎದ್ದರೆ ಇಬ್ಬರ ಕೆಲಸವೂ ನಿಲ್ಲುತ್ತದೆ. ಕೂಲಿ ಸಿಗುವುದು ನೇಯ್ದ ಸೀರೆಗೆ, ಕೂತ ಹೊತ್ತಿಗಲ್ಲ. ಎದ್ದುಹೋಗುವುದರ ಬೆಲೆಯನ್ನು ನೇಕಾರ ತನ್ನ ಜೇಬಿನಿಂದಲೇ ತೆರುತ್ತಾನೆ. ಇನ್ನು ಚಳ್ಳಕೆರೆಯಿಂದ ಬಸ್ಸಿನಲ್ಲಿ ಹಳ್ಳಿ ಶಾಲೆಗೆ ಹೋಗಿಬರುವ ಶಿಕ್ಷಕಿಯರಿಗೆ ಬಸ್ಸೂ ಕೆಲಸದ ದಿನದ ಒಂದು ಭಾಗವೇ.

ಇಷ್ಟರ ನಡುವೆ ಜನ ಹೇಗೆ ನಿಭಾಯಿಸುತ್ತಾರೆ? ಕಡು ಬಣ್ಣದ ಸೀರೆ ಉಡುತ್ತಾರೆ, ಹಳೆಯ ಹತ್ತಿ ಬಟ್ಟೆಯನ್ನು ಮಡಿಸಿ ಇಟ್ಟುಕೊಳ್ಳುತ್ತಾರೆ, ಬುತ್ತಿ ಚೀಲದ ತಳದಲ್ಲಿ ಇನ್ನೊಂದು ಜೊತೆ ಬಟ್ಟೆ ಇರುತ್ತದೆ, ಬಾಗಿಲ ಪಕ್ಕದ ಜಾಗವನ್ನು ಯಾವುದಾದರೂ ನೆಪದಲ್ಲಿ ಹಿಡಿಯುತ್ತಾರೆ. ಈ ಜಾಣ್ಮೆಯನ್ನು ಆಕ್ಷೇಪಿಸಬೇಕಾಗಿಲ್ಲ. ಆಕ್ಷೇಪಿಸಬೇಕಾದದ್ದು ನೀರು ಕುಡಿಯದಿರುವ ಉಪಾಯವನ್ನು. ನೀರು ಕಡಿಮೆಯಾದಷ್ಟೂ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಒತ್ತಡ ಇನ್ನೂ ಬೇಗ ಬರುತ್ತದೆ. ವಾಸನೆ ಹೆಚ್ಚುತ್ತದೆ, ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿದು, ಚಹಾ ಕಾಫಿ ತಗ್ಗಿಸಿ, ಗಡಿಯಾರ ನೋಡಿ ನಿಗದಿತ ಅವಧಿಗೊಮ್ಮೆ ಹೋಗಿಬರುವುದು, ಆ ಅವಧಿಯನ್ನು ವಾರದಿಂದ ವಾರಕ್ಕೆ ತುಸು ಹಿಗ್ಗಿಸುವುದು, ವೈದ್ಯರು ಹೇಳುವ ಕ್ರಮ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಪ್ರಚುರಪಡಿಸಿದ ವ್ಯಾಯಾಮ, ಅಂದರೆ ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು, ಕುರ್ಚಿಯಲ್ಲಿ ಕೂತೇ ಮಾಡಬಹುದಾದದ್ದು. ಎದುರಿಗಿರುವವರಿಗೂ ತಿಳಿಯುವುದಿಲ್ಲ. ನನಗೆ ಅದು ಫಲ ಕೊಡಲು ಮೂರು ತಿಂಗಳು ಹಿಡಿಯಿತು. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಕಾಲುಗಳಲ್ಲಿ ಹಠಾತ್ ಬಲಹೀನತೆ ಕಂಡರೆ ಮಾತ್ರ ಇವೆಲ್ಲವನ್ನೂ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರ ಖರ್ಚಿನ ಲೆಕ್ಕ ಬಿಡಲಾಗದು. ಮುಟ್ಟಿನ ಪ್ಯಾಡುಗಳಿಗೆ 2018ರ ಜುಲೈನಲ್ಲಿ ಜಿಎಸ್‌ಟಿಯಿಂದ ಪೂರ್ಣ ವಿನಾಯಿತಿ ದೊರೆಯಿತು. ಅದು ನ್ಯಾಯವೇ. ರೋಗಿಗಳು ಬಳಸುವ ಡೈಪರಿನ ಮೇಲೆ ಮಾತ್ರ ಶೇ 12ರ ತೆರಿಗೆ 2025ರ ಸೆಪ್ಟೆಂಬರ್‌ವರೆಗೂ ಮುಂದುವರಿಯಿತು, ಆಮೇಲೆ ಶೇ 5ಕ್ಕೆ ಇಳಿಯಿತು. ಒಂದು ಅವಶ್ಯಕತೆ ತೆರಿಗೆಗೆ ಹೊರತಾದರೆ ಇನ್ನೊಂದು ಏಕೆ ಆಗಬಾರದು? ಮುಟ್ಟು ತಿಂಗಳಿಗೆ ಕೆಲವು ದಿನ, ಇದು ಪ್ರತಿದಿನ. ದಿನಕ್ಕೆ ಎರಡೆಂದರೂ ತಿಂಗಳಿಗೆ ಅರವತ್ತು ಬೇಕು. ಸೀರೆ ಲೆಕ್ಕದಲ್ಲಿ ಕೂಲಿ ಪಡೆಯುವ ಮನೆಗೆ ಇದು ಆಗುವ ಮಾತಲ್ಲ. ಹಳೆಯ ಬಟ್ಟೆಯೇ ಗತಿ, ಅದನ್ನು ಒಗೆದು ಬಿಸಿಲಿಗೆ ಹರವಲೂ ಸಂಕೋಚ.

ಕಾನೂನಿನ ವಿಷಯಕ್ಕೆ ಬಂದರೆ, 1948ರ ಕಾರ್ಖಾನೆ ಕಾಯ್ದೆಯ 19ನೇ ಪ್ರಕರಣ ಶೌಚಾಲಯ ಎಲ್ಲ ವೇಳೆಯಲ್ಲೂ ಕಾರ್ಮಿಕರ ಕೈಗೆಟುಕುವಂತಿರಬೇಕು ಎಂದಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದೂ ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಶೌಚಾಲಯ ಕಡ್ಡಾಯವೆನ್ನುತ್ತದೆ. ಐದಾರು ಜನರ ಗಿರಣಿಯಾಗಲಿ ಮನೆಯ ಮಗ್ಗವಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ. ನೆರೆಯ ಕೇರಳದಲ್ಲಿ 2018ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕು ದೊರೆಯಿತು, 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಆ ಹೋರಾಟವನ್ನು ಆರಂಭಿಸಿದ ಕಲ್ಲಿಕೋಟೆಯ ಹೆಂಗಸರು ಮೊದಲು ಕೇಳಿದ್ದು ಕುರ್ಚಿಯನ್ನಲ್ಲ, ಶೌಚಾಲಯವನ್ನು. ನಮ್ಮಲ್ಲಿ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿದಾಗ, ಆಡಬಾರದೆಂದಿದ್ದ ಮಾತೊಂದು ವಿಧಾನಸೌಧದಲ್ಲಿ ಆಡಲ್ಪಟ್ಟಿತು. ಮೂತ್ರದ ಹಿಡಿತ ತಪ್ಪಿದವರು ರಜೆ ಕೇಳುತ್ತಿಲ್ಲ. ಅವರು ಕೆಲಸಕ್ಕೆ ಬರಬಯಸುತ್ತಾರೆ.

ಅವರಿಗೆ ಬೇಕಾದದ್ದು ಕಾರಣ ಕೇಳದ ಅನುಕೂಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಆಡಳಿತ ಯಾವ ವಿನಾಯಿತಿಯನ್ನು ಕೊಡುವಾಗಲೂ ಮೊದಲು ಕೇಳುವುದು ಪ್ರಮಾಣಪತ್ರ. ಚುನಾವಣಾ ಕರ್ತವ್ಯವನ್ನೇ ನೋಡಿ: ಹಿಂದಿನ ದಿನವೇ ಮತಗಟ್ಟೆ ಸೇರಿ, ಗೊತ್ತಿಲ್ಲದ ಊರಿನ ಶಾಲೆಯಲ್ಲಿ ರಾತ್ರಿ ಕಳೆದು, ಮತದಾನ ಮುಗಿಯುವವರೆಗೆ ಜಾಗ ಬಿಡದೆ ಕೂರಬೇಕು. ಬಿಡುಗಡೆ ಬೇಕೆಂದರೆ ವೈದ್ಯಕೀಯ ದಾಖಲೆ ನಾಲ್ಕು ಮೇಜು ದಾಟಿ ಬರಬೇಕು, ನಾಲ್ಕೂ ಮೇಜಿನವರು ಓದಬೇಕು. ಇಂಥ ಅರ್ಜಿ ಕೊಡುವುದಕ್ಕಿಂತ ನೀರು ಬಿಡುವುದೇ ಲೇಸೆಂದು ನೌಕರರು ತೀರ್ಮಾನಿಸಿದರೆ ತಪ್ಪು ಯಾರದು? ಗುಟ್ಟಾಗಿಡುವುದು ನೌಕರನ ಹಕ್ಕು. ಗುಟ್ಟಾಗಿಟ್ಟದ್ದಕ್ಕೆ ಆರೋಗ್ಯ ತೆರಬೇಕೆಂಬುದು ಕಚೇರಿಯ ಅನ್ಯಾಯ.

ಎದ್ದುಹೋಗಲು ಅನುಮತಿ ಬೇಡದ ವ್ಯವಸ್ಥೆ, ಬಾಗಿಲಿಗೆ ಚಿಲಕ, ಒಳಗೆ ನೀರು, ಬಟ್ಟೆ ಚೀಲ ನೇತುಹಾಕಲು ಒಂದು ಮೊಳೆ, ಮುಚ್ಚಳವಿರುವ ಕಸದ ಡಬ್ಬಿ. ಕಚೇರಿಯ ಮುಖ್ಯಸ್ಥರು ಸಾದಿಲ್ವಾರು ಖರ್ಚಿನಲ್ಲೇ ಇಷ್ಟನ್ನೂ ಮಾಡಿಸಬಹುದು. ಡಬ್ಬಿ ಗಂಡಸರ ಕಡೆಗೂ ಇರಬೇಕು. ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದ ಗಂಡಸರು ಬಳಸಿದ ಪ್ಯಾಡನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯಬೇಕಾಗಿದೆಯೆಂದು ಹೇಳಿಕೊಂಡ ಮೇಲೆ, 2022ರ ಸುಮಾರಿಗೆ ಸೈತಾಮಾ ಮೊದಲಾದ ಕಡೆ ಪುರುಷರ ಸಾರ್ವಜನಿಕ ಶೌಚಾಲಯಗಳಲ್ಲೂ ಡಬ್ಬಿ ಇಡತೊಡಗಿದರು. ನಾನೂ ಚೀಲದಲ್ಲಿಟ್ಟು ಮನೆಗೆ ಒಯ್ದವನೇ. ಇದು ಬೇಕೆಂದು ಎಲ್ಲಿಯೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಕಳೆದ ವರ್ಷ ಚಳ್ಳಕೆರೆಯ ಮದುವೆಯೊಂದರಲ್ಲಿ ಆ ಸಹಾಯಕಿ ಸಿಕ್ಕರು. ನಿವೃತ್ತರಾಗಿ ಕೆಲವು ವರ್ಷಗಳಾಗಿವೆಯಂತೆ. ನೋಟಿಸಿನ ಮಾತನ್ನು ನಾನೇ ತೆಗೆದು ಕ್ಷಮೆ ಕೇಳಿದೆ. 'ಅಯ್ಯೋ, ಅದನ್ನ ಬಿಡಿ ಸಾರ್. ಆ ಬಾಗ್ಲಿಗೆ ಈಗಲಾದ್ರೂ ಚಿಲಕ ಹಾಕ್ಸಿದಾರಾ?' ಎಂದು ಕೇಳಿದರು. ನಾನು ಹೋಗಿ ನೋಡಿರಲಿಲ್ಲ.