ನಾಲ್ಕಾಣೆ ಮಾರಲು ನೀವು ದುಡ್ಡು ಕಟ್ಟಬೇಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಂಧುಗಳಲ್ಲಿ ಒಂದು ವಿನಂತಿ.

ಖಡ್ಗಮೃಗದ ಚಿತ್ರವಿರುವ 25 ಪೈಸೆಗೆ ಲಕ್ಷ ಕೊಡುತ್ತೇವೆ ಎನ್ನುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಮಳೆ ಕೈಕೊಟ್ಟು ಶೇಂಗಾ ಮನೆಗೆ ಬಾರದ ವರ್ಷ ಇಂಥ ಮಾತು ಕಿವಿಗೆ ಹಿತವಾಗಿಯೇ ಇರುತ್ತದೆ. ಆದರೆ ಆ 25 ಪೈಸೆ 1988ರಿಂದ 2002ರವರೆಗೆ ಕೋಟಿಗಟ್ಟಲೆ ಅಚ್ಚಾದ ಸ್ಟೀಲ್ ನಾಣ್ಯ. 2011ರ ಜೂನ್ 30ರಿಂದ ಚಲಾವಣೆಯಲ್ಲೂ ಇಲ್ಲ. ಅದಕ್ಕೂ ಎಷ್ಟೋ ಮುಂಚೆಯೇ ನಮ್ಮ ಅಂಗಡಿಯವರು ನಾಲ್ಕಾಣೆ ಚಿಲ್ಲರೆಯ ಬದಲು ಪೆಪ್ಪರ್‌ಮೆಂಟು ಕೊಡುತ್ತಿದ್ದರು. ಸರ್ಕಾರದ ಆದೇಶ ತಡವಾಗಿ ಬಂತು, ಅಷ್ಟೆ. ಇಂದು ನಾಣ್ಯ ಸಂಗ್ರಹದ ಹವ್ಯಾಸಿಗಳು ಆ ನಾಣ್ಯಕ್ಕೆ ಕೊಡುವುದು ಚಿಲ್ಲರೆ ಕಾಸನ್ನೇ.

ವಿಡಿಯೊ ನಂಬಿ ಫೋನು ಮಾಡಿದರೆ ಮೊದಲು ನಾಣ್ಯದ ಫೋಟೊ ಕೇಳುತ್ತಾರೆ, ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕೊರಿಯರ್ ಖರ್ಚು. ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ಹಳೆಯ ನಾಣ್ಯ, ನೋಟುಗಳ ಇಂಥ ವ್ಯವಹಾರ ತನ್ನದಲ್ಲ, ಕಮಿಷನ್ ವಸೂಲಿಗೆ ಯಾರನ್ನೂ ನೇಮಿಸಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ಮಾರುವವನಿಂದಲೇ ದುಡ್ಡು ಕೇಳುವ ವ್ಯಾಪಾರವನ್ನು ನಮ್ಮ ಯಾವ ಸಂತೆಯಲ್ಲಾದರೂ ಕಂಡಿದ್ದೀರಾ?

ಹಾಗೆಂದು ಅಜ್ಜಿಯ ಪೆಟ್ಟಿಗೆಯಲ್ಲಿರುವ ಪಾವಲಿಗಳನ್ನೆಲ್ಲ, ಅಂದರೆ ಹಳೆಯ ನಾಲ್ಕಾಣೆಗಳನ್ನೆಲ್ಲ, ಗುಜರಿಗೆ ಹಾಕಬೇಡಿ. ಇಸವಿ ನೋಡಿ. 1939ರವರೆಗಿನ ಬ್ರಿಟಿಷ್ ಕಾಲದ ಬೆಳ್ಳಿ ಪಾವಲಿ ಸುಮಾರು 2.92 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 91ಕ್ಕೂ ಹೆಚ್ಚು ಪಾಲು ಬೆಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1946-47ರ, ಹುಲಿಯ ಚಿತ್ರದ ಪಾವಲಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. 1957ರ ಏಪ್ರಿಲ್‌ನಲ್ಲಿ ಆಣೆ ಲೆಕ್ಕ ಹೋಗಿ ನಯಾ ಪೈಸೆ ಬಂದ ಮೇಲಿನ 25 ಪೈಸೆಗಳಲ್ಲೂ ಬೆಳ್ಳಿ ಹುಡುಕಬೇಡಿ. ಬೆಳ್ಳಿಯ ಪಾವಲಿಯನ್ನು ಅಕ್ಕಸಾಲಿಯ ತಕ್ಕಡಿಗಿಟ್ಟು ಆ ದಿನದ ದರದಲ್ಲಿ ಲೆಕ್ಕ ಹಾಕಿ. ಅದಕ್ಕಿಂತ ಕಡಿಮೆಗೆ ಬಿಡಬೇಡಿ. 1919ರಿಂದ 1921ರವರೆಗೆ ಬಂದ ಎಂಟು ಮೂಲೆಯ ನಾಲ್ಕಾಣೆ ಬೆಳ್ಳಿಯದಲ್ಲದಿದ್ದರೂ ಅದನ್ನು ಅರಸುವ ಸಂಗ್ರಾಹಕರಿದ್ದಾರೆ.

ನಮ್ಮ ಸೀಮೆಗೆ ಬ್ರಿಟಿಷರ ಕಾಲಕ್ಕಿಂತ ಹಳೆಯ ನಾಣ್ಯಗಳ ನಂಟೂ ಇದೆ. ಶಿರಾ ಮೊಗಲರ ಸುಬಾದ ಕೇಂದ್ರವಾಗಿತ್ತು. ಆಮೇಲೆ ಹೈದರ್, ಟಿಪ್ಪು ಆಳಿದರು. ಟಿಪ್ಪು ತನ್ನ ಕಾಲು ರೂಪಾಯಿಗೆ ‘ಬಾಕಿರಿ’ ಎಂದು ಹೆಸರಿಟ್ಟಿದ್ದ. ಅಂಥದ್ದು ಸಿಕ್ಕರೆ ಬಲ್ಲವರಿಗೆ ತೋರಿಸದೆ ಬೆಲೆ ಮಾತಾಡಬೇಡಿ. ನಕಲಿಗಳೂ ಓಡಾಡುತ್ತಿವೆ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ನಾಣ್ಯದ ಗಡಿಗೆ ಸಿಕ್ಕಿತೆನ್ನಿ, ಅದನ್ನು ಮುಚ್ಚಿಡುವುದು ಅಪರಾಧ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಧಿಯಾಸೆಗೆ ಕೋಟೆ, ಗುಡಿಗಳ ಸುತ್ತ ಅಗೆಯುವವರ ಜೊತೆಗಂತೂ ಸೇರಬೇಡಿ.

ತಾಯಂದಿರಲ್ಲಿ ಇನ್ನೊಂದು ಮಾತು. ವರಮಹಾಲಕ್ಷ್ಮಿ ಹಬ್ಬ ಬಂತೆಂದು ಕಳಶದ ಹಳೆಯ ನಾಣ್ಯಗಳನ್ನು ಹುಣಸೆಹಣ್ಣು, ಸಬೀನಾ ಹಾಕಿ ತಿಕ್ಕಬೇಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಅಚ್ಚು ಸವೆಯದ ನಾಣ್ಯಕ್ಕೆ. ಸರಕ್ಕೆ ಪೋಣಿಸಲು ತೂತು ಹಾಕಿಸಿದರೆ, ಕೊಂಡಿ ಬೆಸೆಸಿದರೆ ಉಳಿಯುವುದು ಬೆಳ್ಳಿಯ ಬೆಲೆ ಮಾತ್ರ.

ಓದುವ ಮಕ್ಕಳು ಮನೆಯ ಹಿರಿಯರಿಗೆ ಒಂದು ವಿಷಯ ತಿಳಿಸಿ ಹೇಳಿ: ಮೊಬೈಲಿನಲ್ಲಿ ದುಡ್ಡು ನಮ್ಮ ಖಾತೆಗೆ ಬರಲು ಪಿನ್ ಒತ್ತಬೇಕಿಲ್ಲ, ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡು. ಆಧಾರ್, ಪಾಸ್‌ಬುಕ್ ಫೋಟೊ ಯಾರಿಗೂ ಕಳಿಸಬೇಡಿ. ಈಗಾಗಲೇ ದುಡ್ಡು ಕಟ್ಟಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರದೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಯಲ್ಲೂ ದೂರು ಕೊಡಿ.