ಗೈಡು ಹೇಳಿದ್ದು ಒಂದು, ವಿಮಾನ ಹಾರಿದ್ದು ಇನ್ನೊಂದು!

"ವಿಜ್ಞಾನ ಮೇಳಕ್ಕೆ ರೆಡಿಮೇಡ್ ವಿಮಾನ ಒಂದು ತಂದಿಟ್ಟರೆ ಸಾಲದೇ ಮಾಷ್ಟ್ರೇ? ಕನ್ನಡ ಮಾಧ್ಯಮದ ಮಕ್ಕಳಿಗೆ ಇಷ್ಟೆಲ್ಲ ಯಾಕೆ?" ಅಂತ ಪೋಷಕರೊಬ್ಬರು ಕೇಳಿದರು. ಸಾಲದು ಸ್ವಾಮೀ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಕಾಸರಗೋಡಿನ ನಮ್ಮ ಶಾಲೆಯ ಏಳೆಂಟು ಮಕ್ಕಳು ಸೇರಿ ಫೋಮ್ ಹಾಳೆಯಲ್ಲಿ ರಿಮೋಟ್ ವಿಮಾನ ಕಟ್ಟಿದ್ದಾರೆ. ಬರೀ ಹಾರುವುದಲ್ಲ, ಪಲ್ಟಿ ಹೊಡೆಯುವಂಥದ್ದು. 6 ಮಿ.ಮೀ. ದಪ್ಪದ ಹಾಳೆ, ರೆಕ್ಕೆ ಬಾಗದಂತೆ ಒಂದು ಕಾರ್ಬನ್ ಕಡ್ಡಿ. ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸಲು ತಲಾ 9 ಗ್ರಾಂನ 3 ಸರ್ವೋ, 25 ಗ್ರಾಂನ ಮೋಟರು, ರಿಸೀವರೂ ವೇಗ ನಿಯಂತ್ರಕವೂ ಸೇರಿ 20, ಬ್ಯಾಟರಿ 40. ಒಟ್ಟು 112 ಗ್ರಾಂ. ಫೋಮು, ಅಂಟು ಎಲ್ಲ ಸೇರಿ 220 ದಾಟಕೂಡದು ಎಂಬುದು ನಾವೇ ಹಾಕಿಕೊಂಡ ಕಟ್ಟಳೆ. ಮೋಟರಿನ ಎಳೆತ ತೂಕಕ್ಕಿಂತ ಹೆಚ್ಚಿದ್ದರೆ ಮಾತ್ರ ವಿಮಾನ ಮೂಗು ಮೇಲೆತ್ತಿ ಗಾಳಿಯಲ್ಲಿ ನಿಂತೀತು.

ಒಬ್ಬ ಹುಡುಗ ಚೆಂದಕ್ಕೆಂದು ಬಣ್ಣ ಬಳಿಯ ಹೊರಟ. ಪಕ್ಕದವಳು ತಕ್ಕಡಿ ತೋರಿಸಿ ಕುಂಚ ಕಸಿದುಕೊಂಡಳು. ತೂಕದ ಪಾಠವನ್ನು ನಾನು ಇಷ್ಟು ಚೆನ್ನಾಗಿ ಎಂದೂ ಮಾಡಿದ್ದಿಲ್ಲ.

ಮೊದಲ ದಿನ ಮೈದಾನದ ಮುರಕಲ್ಲಿಗೆ ಬಡಿದು ಮೂಗು ಮುರಿಯಿತು. ಅರ್ಧ ಗಂಟೆಯಲ್ಲಿ ಅವರೇ ಅಂಟಿಸಿದರು. ಕೊಂಡು ತಂದದ್ದಾಗಿದ್ದರೆ? ನೇರ ಕಪಾಟಿಗೆ!

ಇನ್ನು ಮುಖ್ಯ ಮಾತು. ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತದೆ, ಮೇಲಿನ ಗಾಳಿ ಹೆಚ್ಚು ದೂರ ಸಾಗಿ ಕೆಳಗಿನ ಗಾಳಿಯನ್ನು ಅದೇ ಹೊತ್ತಿಗೆ ಕೂಡಿಕೊಳ್ಳಬೇಕು, ಅದಕ್ಕೇ ಅದು ಜೋರಾಗಿ ಓಡುತ್ತದೆ, ವಿಮಾನ ಏರುತ್ತದೆ... ಮಕ್ಕಳು ಗೈಡಿನಿಂದ ಉರುಹೊಡೆದದ್ದು ಇದನ್ನೇ. ನಮ್ಮ ರೆಕ್ಕೆಯಾದರೋ ಮೇಲೂ ಕೆಳಗೂ ಒಂದೇ, ಚಪ್ಪಟೆ ಹಾಳೆ. ಹಾರಿಸಲು ಬಲ್ಲ ಹಳೆ ವಿದ್ಯಾರ್ಥಿಯೊಬ್ಬ ಬೆಳಗ್ಗೆ, ಕಡಲಗಾಳಿ ಏಳುವ ಮೊದಲೇ ಬಂದು ಅದನ್ನು ಹಾರಿಸಿದ. ಆಮೇಲೆ ತಲೆಕೆಳಗು ಮಾಡಿದ. ಹಾಗೂ ಹಾರಿತು!

"ಹಾಗಾದರೆ ಗೈಡಿನಲ್ಲಿರುವುದು ಸುಳ್ಳಾ ಮಾಷ್ಟ್ರೇ?"

ಹೌದು, ಆ ವಿವರಣೆ ತಪ್ಪು. ಮೇಲಿನ ಗಾಳಿ, ಕೆಳಗಿನ ಗಾಳಿ ಒಟ್ಟಿಗೇ ಸೇರಬೇಕೆಂಬ ನಿಯಮವೇ ಇಲ್ಲ. ತುಸು ಓರೆಯಾಗಿ ಸಾಗುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್‌ನ 3ನೇ ನಿಯಮ. ಮಗುಚಿದಾಗಲೂ ಮೂಗನ್ನು ಚೂರು ಆಕಾಶದ ಕಡೆ ಹಿಡಿದರಾಯಿತು.

ಕನ್ನಡ ಬಲ್ಲ ಶಿಕ್ಷಕರು ಬೇಕು, ಕನ್ನಡದ ಪುಸ್ತಕ ಬೇಕು ಎಂದು ನಾವು ಹೋರಾಡುತ್ತೇವೆ. ಹೋರಾಡಲೇಬೇಕು. ಆದರೆ ಅದೇ ಕನ್ನಡದಲ್ಲಿ ತಪ್ಪನ್ನು ಬಾಯಿಪಾಠ ಮಾಡಿಸಿದರೆ ಉಳಿಸಿಕೊಂಡದ್ದೇನು? ವಾರ್ಷಿಕೋತ್ಸವದ ಶಾಮಿಯಾನಕ್ಕೆ ದುಡ್ಡು ಕೂಡುತ್ತದೆ, ಒಂದು ತಕ್ಕಡಿಗೆ ಕೂಡುವುದಿಲ್ಲವೇ?

"ಸರ್ವೋ, ಮೋಟರು ಎಲ್ಲ ಇಂಗ್ಲಿಷೇ ಅಲ್ಲವೇ?" ಅನ್ನುತ್ತೀರಿ. ಇರಲಿ ಬಿಡಿ. ಗೈಡನ್ನೇ ಕಟಕಟೆಗೆ ನಿಲ್ಲಿಸಿದ ಆ ಪ್ರಶ್ನೆ ಬಂದದ್ದು ಅಪ್ಪಟ ಕನ್ನಡದಲ್ಲಿ. ನಮ್ಮ ಶಾಲೆಗಳು ಉಳಿಯಬೇಕಾದದ್ದು ಆ ಪ್ರಶ್ನೆಗಾಗಿ.

ಏನಂತೀರಿ?