ಬಿಳಿ ಹಿಮ, ಬೂದು ಚಿತ್ರ

ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗಿ ಬಂದವರ ಫೋಟೋಗಳನ್ನು ನೀವು ನೋಡಿರಬಹುದು. ಗುಲ್ಮಾರ್ಗ್‌ನಲ್ಲಿ ಕಣ್ಣಿಗೆ ಹಾಲಿನಂತೆ ಬೆಳ್ಳಗೆ ಕಂಡ ಹಿಮ ಚಿತ್ರದಲ್ಲಿ ಬೂದಿ ಚೆಲ್ಲಿದಂತಿರುತ್ತದೆ. ಅದರ ನಡುವೆ ನಿಂತ ತಾಯಿಯ ಮುಖವಂತೂ ಗುರುತು ಸಿಗದಷ್ಟು ಕಪ್ಪು. ವರ್ಷಗಟ್ಟಲೆ ಹಣ ಕೂಡಿಟ್ಟು ಮಾಡಿದ ಪ್ರವಾಸ. ವಯಸ್ಸಾದ ತಾಯಿಯನ್ನು ಮತ್ತೊಮ್ಮೆ ಅಷ್ಟು ದೂರ ಕರೆದೊಯ್ಯುವುದು ಸುಲಭವಲ್ಲ. ಹಾಗೆಂದು ಕ್ಯಾಮರಾ ಕೆಟ್ಟಿದೆ ಎಂದು ತಿಳಿಯಬೇಡಿ.

ಕ್ಯಾಮರಾ ಬೆಳಕನ್ನು ಅಳೆಯುವಾಗ ಒಂದು ಲೆಕ್ಕವಿಟ್ಟುಕೊಂಡಿರುತ್ತದೆ. ಎದುರಿನ ದೃಶ್ಯ ಒಟ್ಟಾರೆ ನಡುಮಟ್ಟದ ಬೂದು ಬಣ್ಣದ್ದು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಮಾತ್ರ ಹಿಂತಿರುಗಿಸುತ್ತದೆ ಎಂಬ ಲೆಕ್ಕ. ಮರ, ಮನೆ, ಜನರಿರುವ ದೃಶ್ಯಕ್ಕೆ ಇದು ಸರಿ. ಆದರೆ ಹೊಸದಾಗಿ ಬಿದ್ದ ಹಿಮ ಶೇ. 80ರಿಂದ 90ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆ. ಬೆಳಕು ಅತಿಯಾಯಿತೆಂದು ಕ್ಯಾಮರಾ ಅದನ್ನು ತಗ್ಗಿಸುತ್ತದೆ. ಆಗ ಹಿಮ ಬೂದಾಗುತ್ತದೆ, ಮುಖ ಕಪ್ಪಾಗುತ್ತದೆ.

ಇದಕ್ಕೆ ಪರಿಹಾರ ಸರಳ. ಕ್ಯಾಮರಾದಲ್ಲಿ ಪ್ಲಸ್-ಮೈನಸ್ ಗುರುತಿನ ಗುಂಡಿ ಇದ್ದರೆ ಪ್ಲಸ್ ಕಡೆಗೆ ಸರಿಸಿ. ಪ್ಲಸ್ 1 ಎಂದರೆ ಬೆಳಕು ಎರಡು ಪಟ್ಟು, ಪ್ಲಸ್ 2 ಎಂದರೆ ನಾಲ್ಕು ಪಟ್ಟು. ಚಿತ್ರದ ತುಂಬ ಬಿಸಿಲು ಬಿದ್ದ ಹಿಮವೇ ಇದ್ದರೆ ಒಂದೂವರೆಯಿಂದ ಎರಡರವರೆಗೆ ಬೇಕಾಗಬಹುದು. ಅರ್ಧದಷ್ಟು ಜಾಗವನ್ನು ಜನರು, ಮರಗಳು ತುಂಬಿದ್ದರೆ ಒಂದರಿಂದ ಆರಂಭಿಸಿ ನೋಡಿ.

ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಮುಖವಿರುವಲ್ಲಿ ಬೆರಳಿನಿಂದ ಒತ್ತಿ. ಹೆಚ್ಚಿನ ಫೋನ್‌ಗಳಲ್ಲಿ ಸೂರ್ಯನ ಚಿಹ್ನೆ ಕಾಣಿಸುತ್ತದೆ. ಬೆಳಕು ಸಾಲದಿದ್ದರೆ ಅದನ್ನು ಮೇಲಕ್ಕೆ ಸರಿಸಿ. ಈಗಿನ ಫೋನ್‌ಗಳು ಸ್ವಲ್ಪಮಟ್ಟಿಗೆ ತಾವೇ ಸರಿಪಡಿಸಿಕೊಳ್ಳುತ್ತವೆ ನಿಜ, ಆದರೆ ಪೂರ್ತಿ ಅವುಗಳಿಗೇ ಬಿಡಬೇಡಿ.

ಹಾಗೆಂದು ಬೆಳಕನ್ನು ಮಿತಿಮೀರಿ ಏರಿಸಲೂಬಾರದು. ಏರಿಸಿದರೆ ಹಿಮದ ಮೇಲಿನ ಹೆಜ್ಜೆಗುರುತು, ಏರುತಗ್ಗು ಎಲ್ಲವೂ ಅಳಿಸಿ ಬರೀ ಖಾಲಿ ಕಾಗದ ಉಳಿಯುತ್ತದೆ. ಒಮ್ಮೆ ಹೀಗೆ ಅಳಿಸಿ ಹೋದದ್ದನ್ನು ಮನೆಗೆ ಬಂದ ಮೇಲೆ ಸರಿಪಡಿಸಲಾಗದು. ಹಿಮದ ಪ್ರಖರ ಬೆಳಕಿನಲ್ಲಿ ಪರದೆ ಸರಿಯಾಗಿ ಕಾಣದು. ಆದ್ದರಿಂದ ನೆರಳಿಗೆ ಬಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮುಖ್ಯವಾದ ಚಿತ್ರವನ್ನು ಬೆಳಕು ಬದಲಿಸಿ ಎರಡು ಮೂರು ಬಾರಿ ತೆಗೆಯಿರಿ.

ಕಪ್ಪು ಬುರ್ಖಾದ ವಿಷಯದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಬುರ್ಖಾವೇ ತುಂಬಿಕೊಂಡಿದ್ದರೆ, ಬೆಳಕು ಸಾಲದೆಂದು ಕ್ಯಾಮರಾ ಅದನ್ನು ಹೆಚ್ಚಿಸುತ್ತದೆ. ಬಟ್ಟೆ ಬೂದಾಗಿ ಮುಖ ಬಿಳಿಚಿಕೊಳ್ಳುತ್ತದೆ. ಆಗ ಮೈನಸ್ ಕಡೆಗೆ ಸರಿಸಬೇಕು.

ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಫೋನನ್ನು ಒಳಜೇಬಿನಲ್ಲಿಡಿ. ಬಿಸಿಯಾದ ಕೋಣೆಗೆ ಬರುವ ಮೊದಲು ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಬೆಚ್ಚಗಾದ ಮೇಲೆ ಹೊರತೆಗೆಯಿರಿ. ಆಗ ಅದರೊಳಗೆ ನೀರಿನ ಪಸೆ ಕೂರದು.

ಇದನ್ನು ಕಲಿಯಲು ಕಾಶ್ಮೀರಕ್ಕೇ ಹೋಗಬೇಕಿಲ್ಲ. ಬಿಸಿಲಿನಲ್ಲಿ ಬಿಳಿ ಹಾಸುಬಟ್ಟೆಯೊಂದನ್ನು ಒಣಹಾಕಿ, ಅದರ ಮುಂದೆ ಮಗುವನ್ನು ನಿಲ್ಲಿಸಿ ಚಿತ್ರ ತೆಗೆಯಿರಿ. ಪ್ಲಸ್ ಕಡೆಗೆ ಸರಿಸಿ ಮತ್ತೊಂದು ತೆಗೆಯಿರಿ. ಎರಡನ್ನೂ ಹೋಲಿಸಿ ನೋಡಿ; ವ್ಯತ್ಯಾಸ ನಿಮಗೇ ತಿಳಿಯುತ್ತದೆ.